ಬೀಗರು ಆರಿಸಿದ ಬಣ್ಣ

ಸೀರೆಯ ಗಂಟು ಬಿಚ್ಚಿದ ಕೂಡಲೇ ನನ್ನ ಮೈಯೆಲ್ಲ ಉರಿಯಿತು. ಒಳಗಿದ್ದದ್ದು ನೀಲಿ ಸೀರೆ. ಅದೂ ಎಂಥ ನೀಲಿ! ಸರಕಾರಿ ಶಾಲೆಯ ಹುಡುಗಿಯರು ತೊಡುವ ಲಂಗದ ನೀಲಿ. ಕುಳಗೇರಿ ಕ್ರಾಸಿನ ಶಾಲೆಯಲ್ಲಿ ಕನ್ನಡ ಕಲಿಸುವ ನಾನು ದಿನಾ ಬೆಳಗಾದರೆ ಆ ಬಣ್ಣವನ್ನು ಸಾಲಾಗಿ ನಿಲ್ಲಿಸಿ ಪ್ರಾರ್ಥನೆ ಹಾಡಿಸುವವಳು. ಇದ್ದ ಒಬ್ಬ ಮಗನ ನಿಶ್ಚಯಕ್ಕೆ, ಸೊಸೆಯಾಗಿ ಬರುವವಳಿಗೆ ಉಡಿಸಲಿಕ್ಕೆ, ಅದನ್ನೇ ಇಳಕಲ್ಲಿನಿಂದ ನೇಯಿಸಿ ತರಿಸುತ್ತೇನೆಯೇ?

ತಂದವರು ಹುಡುಗಿಯ ತಂದೆ ಶಿವಸಂಗಪ್ಪ. ಸೀರೆಯೂ ಅವರ ಮಗ್ಗದ್ದೇ. ನಿಶ್ಚಯದ ದಿನ ಹುಡುಗಿಗೆ ಗಂಡಿನ ಕಡೆಯವರು ಸೀರೆ ಉಡಿಸಬೇಕು. ಬೀಗರೇ ನೇಕಾರರಾಗಿರುವಾಗ ಅಂಗಡಿಗೆ ಯಾಕೆ ಹೋಗಬೇಕು ಎಂದು ನಾನೇ ಅವರಿಗೆ ನೇಯಲು ಹೇಳಿದ್ದೆ. ಅವರು ಜಮಖಾನೆಯ ಅಂಚಿನಲ್ಲಿ ಕುಳಿತು, ನಾನು ಸೀರೆ ಬಿಚ್ಚುವುದನ್ನು ನೋಡುತ್ತಿದ್ದರು.

"ಇದೇನ್ರಿ ಇದು?" ಎಂದೆ.

"ನೀವು ಹೇಳಿದ್ದ ರೀ ಅಕ್ಕಾರ. ಬಾಗಿಲದಿಂದ ಮೂರನೇದು."

"ನಾ ಆರಿಸಿದ್ದು ಜಾಂಬಳಿ. ಇದು ನೀಲಿ."

ಶಿವಸಂಗಪ್ಪ ನನ್ನ ಮಗ ರಾಜಕುಮಾರನ ಮುಖ ನೋಡಿದರು. ರಾಜಕುಮಾರ ತನ್ನಪ್ಪನ ಮುಖ ನೋಡಿದ. ನನ್ನ ಮುಖವನ್ನು ಮಾತ್ರ ಯಾರೂ ನೋಡಲಿಲ್ಲ.

ಜಾಂಬಳಿ ಎಂದರೆ ನೇರಳೆ ಹಣ್ಣಿನ ಬಣ್ಣ. ಕೆಂಪು ಸೆರಗಿನ ಜೊತೆ ಅದು ಎಷ್ಟು ಒಪ್ಪುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನೂ ನೇಕಾರರ ಮನೆಯ ಮಗಳು. ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸುವುದನ್ನು ನನ್ನಪ್ಪನ ಪಕ್ಕ ಕುಳಿತು ನೋಡಿದವಳು. ಕರಿ ಬಣ್ಣದ್ದು, ಕರಿಗೆ ಹತ್ತಿರದ ನೀಲಿಯದು ಶುಭಕಾರ್ಯದಲ್ಲಿ ಹುಡುಗಿಯ ಮೈಮೇಲೆ ಬರಬಾರದು ಎಂಬ ಮಾತು ನಮ್ಮವರಲ್ಲಿ ಮೊದಲಿನಿಂದ ಇದೆ. ಅದನ್ನು ಶಿವಸಂಗಪ್ಪ ಅರಿಯರೇ? ಅರಿತೂ ತಂದಿದ್ದಾರೆಂದರೆ ಯಾವುದೋ ಅಂಗಡಿಯವರು ಬೇಡವೆಂದು ಬಿಟ್ಟದ್ದನ್ನು ನಮಗೆ ದಾಟಿಸುತ್ತಿದ್ದಾರೆ ಎಂದೇ ನನಗೆ ಅನ್ನಿಸಿತು. ಅನ್ನಿಸಿದ್ದನ್ನು ಬಾಯಲ್ಲಿ ಇಟ್ಟುಕೊಂಡು ಕೂಡುವ ಸ್ವಭಾವ ನನ್ನದಲ್ಲ.

"ಮಗ್ಗದ ಮ್ಯಾಲ ಉಳದದ್ದು ತಂದು ನಮ್ಮ ಕೊರಳಿಗೆ ಕಟ್ಟಾಕ ಬಂದೀರೇನು?" ಎಂದೆ.

ಅವರ ಮುಖ ಸಣ್ಣದಾಯಿತು. ಏನೋ ಹೇಳಲು ಬಾಯಿ ತೆರೆದು ಮುಚ್ಚಿದರು. ಸೀರೆಯನ್ನು ಮೊದಲಿನ ಮಡಿಕೆಯಲ್ಲೇ ಮಡಚಿ, ಗಂಟು ಕಟ್ಟಿ, ಮುಂದಿಟ್ಟ ಚಹಾ ಮುಟ್ಟದೆ ಎದ್ದರು. ರಾಜಕುಮಾರ ಬಸ್ಸಿನವರೆಗೂ ಅವರ ಹಿಂದೆ ಓಡಿದ.

ನಮ್ಮ ಯಜಮಾನರು ಮುದಕಪ್ಪ, ಬಸ್ ಕಂಡಕ್ಟರ್. ದಿನವಿಡೀ ಮಂದಿಯ ಜೊತೆ ಕೂಗಾಡಿ ಬರುವುದರಿಂದ ಮನೆಯಲ್ಲಿ ಅವರ ಮಾತು ಕಡಿಮೆ. ಅಂದು ಅವರೂ ಬಾಯಿ ಬಿಟ್ಟರು.

"ಮೂರನೇದು ಅಂತ ನೀ ಹೇಳಿದ್ದು ನಾನೂ ಕೇಳೇನಿ. ನಿನಗ ಮರವು ಸುರು ಆಗೇತಿ ನೋಡು, ಶಿವಲಿಂಗವ್ವ."

"ಮೂರನೇದು ಅಂದೇನಿ, ಖರೆ. ಮೂರನೇದು ಜಾಂಬಳಿ ಇತ್ತು."

"ಹಂಗಾರ ಅದು ನೀಲಿ ಹ್ಯಾಂಗಾತು?"

ಬೀಗರು ಮುಟ್ಟದ ಚಹಾ ಎತ್ತಿಕೊಂಡು ನಾನು ಒಳಗೆ ಹೋದೆ.

ನಡೆದದ್ದು ಇಷ್ಟು. ಹುಡುಗಿ ನೋಡಲು ಇಳಕಲ್ಲಿಗೆ ಹೋದಾಗ ನಾನು ಅವರ ಮಗ್ಗದ ಕೋಣೆಗೆ ಕಾಲಿಡಲಿಲ್ಲ. ಇನ್ನೂ ಹೌದು ಅಲ್ಲ ಎಂಬ ಮಾತೇ ಆಗಿಲ್ಲ, ಆಗಲೇ ಸೀರೆ ನೋಡಲು ಎದ್ದರೆ ಏನು ಚೆಂದ? ಪಡಸಾಲೆಯಲ್ಲಿ ಕುಳಿತು ಅವಲಕ್ಕಿ ತಿಂದೆ. ರಾಜಕುಮಾರ ಒಳಗೆ ಹೋಗಿ, ಅಂಗಡಿಯವರಿಗೆ ನೇಯ್ದು ಹಗ್ಗದ ಮೇಲೆ ಹಾಕಿದ್ದ ನಾಲ್ಕು ಸೀರೆಗಳ ಫೋಟೋವನ್ನು ಗೆಳೆಯನ ಕ್ಯಾಮೆರಾದಲ್ಲಿ ಹೊಡೆದುಕೊಂಡು ಬಂದ. ಹುಡುಗಿ ಶ್ರುತಿ ಎಲ್ಲರಿಗೂ ಒಪ್ಪಿಗೆಯಾದಳು. ಆಮೇಲೊಂದು ಸಂಜೆ ಅವನು ತನ್ನ ಲ್ಯಾಪ್‌ಟಾಪನ್ನು ನನ್ನ ತೊಡೆಯ ಮೇಲಿಟ್ಟು ಫೋಟೋ ತೋರಿಸಿದ. ಎರಡು ಸಾವಿರದ ಆರನೇ ಇಸವಿಯಲ್ಲಿ ನಮ್ಮ ಓಣಿಯಲ್ಲಿ ಅಂಥ ವಸ್ತು ಇದ್ದದ್ದು ನಮ್ಮ ಮನೆಯಲ್ಲೊಂದೇ. ಯಾರೋ ಬಳಸಿ ಬಿಟ್ಟದ್ದನ್ನು ಅವನು ಕೊಂಡಿದ್ದ. ನಾನು ಬೆರಳಿಟ್ಟು, ಈ ಮೂರನೆಯದು ಎಂದು ತೋರಿಸಿದೆ. ಬಣ್ಣಗಳ ಹೆಸರು ಆರಕ್ಕಿಂತ ಹೆಚ್ಚು ಗೊತ್ತಿಲ್ಲದ ನನ್ನ ಮಗ, ವಿದ್ಯಾಗಿರಿಯ ಕಾಲೇಜಿನಲ್ಲಿ ಕಾಮರ್ಸ್ ಕಲಿಸುವವನು, ಬಾಗಿಲದಿಂದ ಮೂರನೆಯದರಂಥದ್ದೇ ನೇಯಿರಿ ಎಂದು ಬೀಗರಿಗೆ ಫೋನು ಮಾಡಿದ. ಅಷ್ಟೇ.

"ತೆಗಿ ಆ ಡಬ್ಬಿ," ಎಂದೆ, ಅವನು ಬಸ್ ಸ್ಟ್ಯಾಂಡಿನಿಂದ ಮರಳಿದಾಗ. "ಫೋಟೋ ತೋರಸು."

"ಅವ್ವಾ, ಅದರ ಪರದಿ ಹೋಗೇತಿ. ಚಾಲೂ ಆಗತೈತಿ, ಖರೆ ಏನೂ ಕಾಣಂಗಿಲ್ಲ."

"ಹಂಗಾರ ರಿಪೇರಿ ಮಾಡಸು. ಬೀಗರನ್ನೂ ಅಲ್ಲಿಗೇ ಕರಿ. ಎಲ್ಲಾರ ಎದುರಿಗೆ ನೋಡೂನು. ಅದರಾಗ ಜಾಂಬಳಿ ಇದ್ರ ಈ ಸಂಬಂಧ ಇಲ್ಲಿಗೇ ಮುಗೀತು. ನೀಲಿ ಇದ್ರ ನಾ ಅವರ ಕಾಲು ಹಿಡಿತೇನಿ."

ಅವನಿಗೆ ಶ್ರುತಿ ಮನಸ್ಸಿಗೆ ಬಂದಿದ್ದಳೆಂದು ನನಗೆ ಗೊತ್ತಿತ್ತು. ಫೋನಿನ ಕಾರ್ಡು ಎಷ್ಟು ಬೇಗ ಮುಗಿಯುತ್ತಿತ್ತು ಎಂಬುದರಲ್ಲೇ ಗೊತ್ತಾಗುತ್ತಿತ್ತು. ಆದರೆ ಮಾತು ಆಡಿಯಾಗಿತ್ತು, ಹಿಂದೆ ತೆಗೆದುಕೊಳ್ಳುವ ರೂಢಿ ನನಗಿರಲಿಲ್ಲ.

ಆ ವಾರವೆಲ್ಲ ನನ್ನ ತಲೆ ಕಲಸಿದ ಹಿಟ್ಟಾಗಿತ್ತು. ಯಾರಿಗೂ ಹೇಳದ ಒಂದು ಹೆದರಿಕೆ ನನ್ನೊಳಗಿತ್ತು. ನನ್ನವ್ವನಿಗೆ ಕೊನೆಗಾಲದಲ್ಲಿ ತಲೆ ನಿಲ್ಲಲಿಲ್ಲ. ಶುರುವಾದದ್ದು ಸಣ್ಣದರಿಂದಲೇ. ಚಹಾಕ್ಕೆ ಉಪ್ಪು ಹಾಕಿದಳು, ನನ್ನನ್ನು ಚಿಗವ್ವನ ಹೆಸರಿನಿಂದ ಕರೆದಳು. ತಪ್ಪು ಎಂದರೆ ನಮ್ಮ ಮೇಲೆಯೇ ಹರಿಹಾಯುತ್ತಿದ್ದಳು. ತಾನು ಹೇಳಿದ್ದೇ ಖರೆ ಎನ್ನುತ್ತಿದ್ದಳು. ಈಗ ನಾನೂ ಅದನ್ನೇ ಅನ್ನುತ್ತಿದ್ದೇನಲ್ಲ! ಗುರುವಾರ ಐದನೇ ಇಯತ್ತೆಯಲ್ಲಿ ಒಬ್ಬ ಹುಡುಗಿಯನ್ನು ಎಬ್ಬಿಸಿ, ಅವಳ ತಾಯಿಯ ಹೆಸರು ಹಿಡಿದು ಪದ್ಯ ಹೇಳು ಎಂದೆ. ತಾಯಿಗೂ ನಾನೇ ಕಲಿಸಿದ್ದೆ, ಇಬ್ಬರದೂ ಒಂದೇ ಮುಖ, ಹಾಗಾಗಿ ಬಾಯಿ ತಪ್ಪಿತು ಎಂದು ಸಮಾಧಾನ ಮಾಡಿಕೊಂಡೆ. ಹುಡುಗರು ನಕ್ಕರು. ನಾನು ಪುಸ್ತಕ ಮುಚ್ಚಿ ಅವರನ್ನು ಶುದ್ಧಬರಹಕ್ಕೆ ಕೂಡಿಸಿದೆ.

ಕಣ್ಣು ಮುಚ್ಚಿದರೆ ಜಾಂಬಳಿ ಸೀರೆ ಕಾಣುತ್ತಿತ್ತು. ಬೇಕಾದರೆ ಆಣೆ ಮಾಡುತ್ತಿದ್ದೆ. ಆದರೆ ನನ್ನವ್ವನೂ ಆಣೆ ಮಾಡುತ್ತಿದ್ದಳು. ಮೂರನೆಯದೆಂದರೆ ಯಾವ ಕಡೆಯಿಂದ ಮೂರನೆಯದು ಎಂದು ಯೋಚಿಸಿದೆ. ಇನ್ನೊಂದು ತುದಿಯಿಂದ ಎಣಿಸಿದರೆ ಹಳದಿ ಬರುತ್ತಿತ್ತು, ನೀಲಿಯಲ್ಲ. ನಾಲ್ಕರಲ್ಲಿ ನೀಲಿ ಎಂಬುದೇ ಇರಲಿಲ್ಲ. ಇರದ ಬಣ್ಣ ಎಲ್ಲಿಂದ ಬಂತು, ಇದ್ದ ಬಣ್ಣ ಎಲ್ಲಿಗೆ ಹೋಯಿತು? ಬಾದಾಮಿಯ ಕಣ್ಣಿನ ಡಾಕ್ಟರ ಹತ್ತಿರ ಹೋಗೋಣವೆಂದರೆ ಅವರು ಕಣ್ಣು ಸರಿ ಇದೆ ಎಂದುಬಿಟ್ಟರೆ ಏನು ಗತಿ? ಆಗ ಉಳಿಯುವುದು ತಲೆಯೊಂದೇ. ಹೋಗಲಿಲ್ಲ.

ರವಿವಾರ ನಾನೂ ರಾಜಕುಮಾರನೂ ಲ್ಯಾಪ್‌ಟಾಪು ರಿಪೇರಿಗೆ ಬಾಗಲಕೋಟೆಗೆ ಹೋದೆವು. ಖಾಸಿಂಸಾಬನ ಅಂಗಡಿ ಮೊದಲು ಹಳೇ ಊರಿನ ಪೇಟೆಯಲ್ಲಿ ರೇಡಿಯೋ ರಿಪೇರಿಯದಾಗಿತ್ತಂತೆ. ಹಳೇ ಊರಿಗೆ ಅಣೆಕಟ್ಟಿನ ಹಿನ್ನೀರು ಬಂದ ಮೇಲೆ ನವನಗರಕ್ಕೆ ಬಂದು ಕಂಪ್ಯೂಟರಿಗೆ ಇಳಿದಿತ್ತು. ಒಳಗೆ ಒಂದು ಮೇಜು, ಒಂದು ಬೆಂಚು. ಬೆಂಚಿನ ಮೇಲೆ ಶಿವಸಂಗಪ್ಪ ಮತ್ತು ಅವರ ಹೆಂಡತಿ ಮುತ್ತವ್ವ ಮೊದಲೇ ಬಂದು ಕುಳಿತಿದ್ದರು. ನಾನು ಬಂದದ್ದು ನೋಡಿ ಇಬ್ಬರೂ ಎದ್ದು ನಿಂತರು. ಮುತ್ತವ್ವನ ತೊಡೆಯ ಮೇಲಿದ್ದ ಸೀರೆಯ ಗಂಟು ಬೀಳುವುದರಲ್ಲಿತ್ತು, ಎದೆಗೆ ಅವಚಿಕೊಂಡರು.

"ಕೂಡ್ರಿ, ಕೂಡ್ರಿ," ಎಂದೆ. ನಾನು ನಡುವೆ ಜಾಗ ಬಿಟ್ಟು ಆಚೆ ತುದಿಗೆ ಕುಳಿತೆ. ಬಸ್ಸಿನಲ್ಲಿ ಗುರುತಿಲ್ಲದವರು ಕುಳಿತಂತೆ ಕುಳಿತಿದ್ದೆವು.

ಖಾಸಿಂಸಾಬ ಲ್ಯಾಪ್‌ಟಾಪಿನ ಗುಂಡಿ ಒತ್ತಿದ. ಒಳಗೆ ಗಾಳಿ ತಿರುಗುವ ಸಪ್ಪಳ ಬಂತು, ಪರದೆ ಕಪ್ಪಗೇ ಇತ್ತು. ಅವನು ಡ್ರಾಯರಿನಿಂದ ಬ್ಯಾಟರಿ ದೀಪ ತೆಗೆದು ಹೊತ್ತಿಸಿ ಪರದೆಗೆ ಓರೆಯಾಗಿ ಹಿಡಿದ.

"ನೋಡ್ರಿ ಅಮ್ಮಾರ, ಚಿತ್ರ ಐತಿ. ಹಿಂದಿನ ಬೆಳಕ ಹೋಗೇತಿ."

ನಾನು ಬಗ್ಗಿ ನೋಡಿದೆ. ಹೌದು, ಬ್ಯಾಟರಿಯ ಬೆಳಕು ಬಿದ್ದ ಕಡೆ ಬಾವಿಯ ತಳದಲ್ಲಿ ಕಂಡಂತೆ ಏನೇನೋ ಅಕ್ಷರಗಳು ಕಂಡವು. ಇಷ್ಟು ದಿನ ಒಳಗೇ ಇದ್ದುಕೊಂಡು ಕಾಣದೆ ಕುಳಿತಿದೆಯಲ್ಲ ಎಂದು ಸಿಟ್ಟು ಬಂತು.

"ಹಂಗಾರ ಫೋಟೋ ತೆಗಿ. ಬ್ಯಾಟರಿ ಬೆಳಕಿನ್ಯಾಗ ನೋಡೂನು."

ರಾಜಕುಮಾರ ತಡಕಾಡಿ ಫೋಟೋ ತೆಗೆದ. ಎಲ್ಲರೂ ಮೇಜಿನ ಸುತ್ತ ತಲೆಗೆ ತಲೆ ತಾಗಿಸಿ ಬಗ್ಗಿದೆವು. ಬೆಳಕಿನ ಬಿಲ್ಲೆಯಲ್ಲಿ ಹಗ್ಗದ ಒಂದು ತುಂಡು, ಸೀರೆಯ ಒಂದು ಮಡಿಕೆ. ಬಣ್ಣ ಬೂದಿಯಂತಿತ್ತು.

"ಜಾಂಬಳಿ," ಎಂದೆ.

"ನೀಲಿ ಇದ್ದಂಗ ಕಾಣತೈತ್ರಿ," ಎಂದರು ಶಿವಸಂಗಪ್ಪ, ಬಹಳ ಮೆಲ್ಲಗೆ.

"ನನಗೇನೂ ಕಾಣವಲ್ದು," ಎಂದ ನನ್ನ ಮಗ. ಮುತ್ತವ್ವ ನೋಡಿ, ಗಂಟನ್ನು ಇನ್ನಷ್ಟು ಅವಚಿಕೊಂಡರು.

ನಾನು ಜಾಂಬಳಿ ಎಂದದ್ದು ಕಂಡದ್ದಕ್ಕಲ್ಲ, ಕಾಣಲಿ ಎಂದು. ಅದು ನನಗೇ ಗೊತ್ತಾಗಿ ಇನ್ನಷ್ಟು ದಿಗಿಲಾಯಿತು.

"ಅಮ್ಮಾರ, ಬಣ್ಣ ನೋಡೂದ ಇದ್ರ ಅಷ್ಟ್ಯಾಕ?" ಎಂದ ಖಾಸಿಂಸಾಬ. "ಈ ವೈರ್ ಆ ದೊಡ್ಡ ಮಾನಿಟರಿಗೆ ಹಚ್ಚತೇನಿ. ಒಂದ ಮಿನಿಟಿನ್ಯಾಗ ಕಾಣತೈತಿ."

"ಬ್ಯಾಡ," ಎಂದೆ. "ನಾ ನೋಡಿದ್ದು ಈ ಪರದಿದಾಗ. ಇದರಾಗ ತೋರಸು. ಬ್ಯಾರೇದರಾಗ ತೋರಿಸಿ, ನೋಡ್ರಿ ನಿಮ್ಮದ ತಪ್ಪು ಅಂದ್ರ ನಾ ಒಪ್ಪಂಗಿಲ್ಲ."

ರಾಜಕುಮಾರ ಹಣೆ ಒತ್ತಿಕೊಂಡ. ಖಾಸಿಂಸಾಬ ನಕ್ಕು, ಸರಿ ಬಿಡ್ರಿ ಎಂದು ಮೇಲಿನ ಫ್ಯಾನು ಬಂದ್ ಮಾಡಿದ. ಒಳಗೆ ಧೂಳು ಹೋಗಬಾರದಂತೆ. ಬಿಸಿಲಿನ ಹೊತ್ತು, ತಗಡಿನ ಮಾಡು, ಐದು ಜನ. ಮುತ್ತವ್ವ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರೇ ಹೊರತು ಗಂಟನ್ನು ಕೆಳಗಿಡಲಿಲ್ಲ.

ಆಮೇಲೆ ನಡೆದದ್ದನ್ನು ನಾನು ಎವೆಯಿಕ್ಕದೆ ನೋಡಿದೆ. ಎಲ್ಲಿ ಯಾರು ಏನು ಬದಲಿಸುತ್ತಾರೋ ಎಂಬ ಅನುಮಾನ ಒಂದು ಕಡೆ, ಕಲಿಯುವ ಚಟ ಇನ್ನೊಂದು ಕಡೆ. ಅವನು ಪರದೆಯ ಅಂಚಿನ ರಬ್ಬರಿನ ಬೊಟ್ಟುಗಳನ್ನು ಉಗುರಿನಿಂದ ಎಬ್ಬಿಸಿದ. ಅವುಗಳಡಿಯಲ್ಲಿ ಸ್ಕ್ರೂಗಳಿದ್ದವು. ತೆಗೆದ ಸ್ಕ್ರೂಗಳನ್ನು ಡಬ್ಬಿಯ ಮುಚ್ಚಳದಲ್ಲಿ ಹಾಕಿದ. ಚೌಕಟ್ಟು ಕಳಚಿದ, ಗಾಜನ್ನು ಹೊರಗೆ ತೆಗೆದ. ಹಿಂದೆ ಬಿಳಿಯ ತೆಳ್ಳನೆಯ ಹಾಳೆಗಳು ಒಂದರ ಮೇಲೊಂದು ಇದ್ದವು. ಕೆಳ ಅಂಚಿನಲ್ಲಿ ಹೊಳೆಯುವ ತಗಡಿನ ಕೊಳವೆಯಂಥದ್ದೊಂದು ತೋಡು. ಅದರೊಳಗಿನಿಂದ ಅವನು ಉಸಿರು ಹಿಡಿದು ಎಳೆದದ್ದು ಕಸಬರಿಗೆ ಕಡ್ಡಿಯಷ್ಟು ತೆಳ್ಳಗಿನ ಗಾಜಿನ ಕಡ್ಡಿ.

"ಇದ ಏನು ದೀಪ?"

"ಇದ ರೀ. ಮನ್ಯಾಗಿನ ಟ್ಯೂಬ್‌ಲೈಟ್ ಇರತೈತಲ್ಲ, ಅದರ ಮರಿ ಅನ್ರಿ. ತುದಿ ನೋಡ್ರಿ, ಕರ್ರಗಾಗ್ಯಾವ. ವಯಸ್ಸಾಗೇತಿ ಇದಕ್ಕ."

ವಯಸ್ಸಾಗಿದೆ ಎಂಬ ಮಾತು ನನಗೆ ಹಿಡಿಸಲಿಲ್ಲ. ಅವನು ಹಳೆಯ ಕಡ್ಡಿಯನ್ನು ಬಟ್ಟೆಯ ಮೇಲಿಟ್ಟು, ಹುಬ್ಬಳ್ಳಿಯಿಂದ ತರಿಸಿದ್ದ ಹೊಸದನ್ನು ಪೇಪರಿನ ಸುರುಳಿಯಿಂದ ಬಿಡಿಸಿದ. ಅಂಥದ್ದು ಅವನಲ್ಲಿದ್ದದ್ದು ಅದೊಂದೇ. ಎರಡೂ ತುದಿಗೆ ಕೂದಲಿನಂಥ ತಂತಿ ಬೆಸೆಯಬೇಕು, ಕೈ ಸ್ವಲ್ಪ ಅಲುಗಿದರೆ ಗಾಜು ಪಟ್ಟೆಂದು ಹೋಗುತ್ತದೆ ಎಂದ. ಬೆಸುಗೆಯ ಹೊಗೆ ಎದ್ದಿತು. ಶಿವಸಂಗಪ್ಪ ಮುಂದೆ ಬಗ್ಗಿ, ಎಳೆ ಹೊಸೆಯುವವರ ಹಾಗೆ ತಮ್ಮ ಬೆರಳುಗಳನ್ನು ತಮಗರಿವಿಲ್ಲದೆ ಆಡಿಸುತ್ತಿದ್ದರು. ನಾನೂ ನನ್ನ ಬೆರಳು ನೋಡಿಕೊಂಡೆ, ಅವೂ ಆಡುತ್ತಿದ್ದವು. ಒಂದು ಗಳಿಗೆ ಇಬ್ಬರೂ ಜಗಳ ಮರೆತಿದ್ದೆವು.

ತಂತಿ ಕೂತಿತು, ರಬ್ಬರಿನ ಟೊಪ್ಪಿಗೆ ಕೂತಿತು, ಕಡ್ಡಿ ತನ್ನ ತೋಡಿನಲ್ಲಿ ಸೇರಿತು. ಹಾಳೆಗಳ ಮೇಲೆ ಗಾಳಿ ಊದಿ ಎಲ್ಲ ಮೊದಲಿನಂತೆ ಮುಚ್ಚಿದ. ಗುಂಡಿ ಒತ್ತಿದ.

ಬೆಳಕು ಬಂತು. ಹಾಲಿನಂಥ ಬಿಳಿ ಬೆಳಕು. ರಾಜಕುಮಾರ ಫೋಟೋ ತೆಗೆದ. ಹಸಿರು, ಹಳದಿ, ನೀಲಿ, ಕೆಂಪು. ಬಾಗಿಲದಿಂದ ಮೂರನೆಯದು ನೀಲಿ. ಶಾಲೆಯ ಲಂಗದ ನೀಲಿ. ಯಾರಿಗೂ ಅನುಮಾನ ಬರದಷ್ಟು ನೀಲಿ.

ನಾನು ಕಣ್ಣು ತಿಕ್ಕಿಕೊಂಡು ಮತ್ತೆ ನೋಡಿದೆ, ಕನ್ನಡಕ ತೆಗೆದು ನೋಡಿದೆ, ಹಾಕಿ ನೋಡಿದೆ. ನೀಲಿಯೇ. ನನ್ನವ್ವ ನೆನಪಾದಳು. ಉಪ್ಪಿನ ಚಹಾ ಕುಡಿಯಲೊಲ್ಲದ ನಮ್ಮನ್ನು ಅವಳು ಹೇಗೆ ಒಬ್ಬೊಬ್ಬರನ್ನೇ ಮಿಕಿಮಿಕಿ ನೋಡುತ್ತಿದ್ದಳೋ ಹಾಗೆ ನಾನು ಈ ನಾಲ್ವರನ್ನು ನೋಡುತ್ತಿದ್ದೆ. ಅಳು ಬಂತು. ತಡೆದುಕೊಂಡೆ.

"ಇರ್ಲಿ ಬಿಡ್ರಿ ಅಕ್ಕಾರ," ಎಂದರು ಶಿವಸಂಗಪ್ಪ. "ಮರವು ಯಾರಿಗಿಲ್ಲ? ನಾವೇನ ಮನಸಿಗೆ ಹಚ್ಚಿಕೊಂಡಿಲ್ರಿ."

ಅವರು ಬೈದಿದ್ದರೆ ಒಳ್ಳೆಯದಿತ್ತು. ಕಾಲು ಹಿಡಿಯುತ್ತೇನೆಂದು ಹೇಳಿದ್ದವಳು ನಾನು. ಏಳಲು ಮೇಜಿಗೆ ಕೈ ಊರಿದೆ. ಆಗ ಕಣ್ಣು ಮತ್ತೆ ಪರದೆಯ ಮೇಲೆ ಬಿತ್ತು, ಸೀರೆಯ ಮೇಲಲ್ಲ, ಸೀರೆಯ ಹಿಂದಿನ ಗೋಡೆಯ ಮೇಲೆ. ಗೋಡೆ ಬೆಳ್ಳಗಿತ್ತು.

"ರಾಜೂ, ಈ ಗ್ವಾಡಿ," ಎಂದೆ. "ಅವತ್ತ ಫೋಟೋ ನೋಡೂವಾಗ ನಾ ಏನ ಕೇಳಿದ್ನಿ ನಿನಗ?"

"ಯಾವ ಗ್ವಾಡಿ?"

"ಬೀಗರು ಮಗ್ಗದ ಖೋಲಿಗೆ ಕೆಮ್ಮಣ್ಣು ಬಳದಾರೇನು ಅಂತ ಕೇಳಿದ್ನೋ ಇಲ್ಲೋ?"

ರಾಜಕುಮಾರ ಬಗ್ಗಿ ಪರದೆಯ ಮೇಲಿನ ಗೋಡೆಯನ್ನೇ ನೋಡಿದ. ಆಮೇಲೆ ಅವನ ಮುಖ ಬದಲಾಯಿತು.

"ಕೇಳಿದ್ದಿ. ಇಲ್ಲವ್ವ, ಸುಣ್ಣ ಹಚ್ಚ್ಯಾರ ಅಂದೆ ನಾನು."

"ಸುಣ್ಣದ ಗ್ವಾಡಿ ನನಗ ಕೆಂಪ್ಯಾಕ ಕಂಡಿತ್ತು?"

ಅವನು ತಲೆ ಕೆರೆದುಕೊಂಡ. ಪರದೆ ಕೆಟ್ಟುಹೋಗುವ ಮುಂಚೆ ತಿಂಗಳುಗಟ್ಟಲೆ, ಹೊತ್ತಿದ ಕೂಡಲೇ ಕೆಂಪಗೆ ಬರುತ್ತಿತ್ತೆಂದೂ, ದಿನಾ ನೋಡಿ ನೋಡಿ ತನಗೆ ಅದು ಕೆಂಪು ಎನ್ನಿಸುವುದೇ ನಿಂತಿತ್ತೆಂದೂ ಹೇಳಿದ. ಹೇಳುತ್ತ ಹೇಳುತ್ತಲೇ ಬಾಯಿಗೆ ಕೈ ಅಡ್ಡ ಹಿಡಿದ.

ಇಳಕಲ್ಲಿನಲ್ಲಿ ಸೀರೆಯ ಬಣ್ಣವನ್ನು ಅಂಗಡಿಯ ದೀಪದಲ್ಲಿ ಯಾರೂ ಒಪ್ಪುವುದಿಲ್ಲ. ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿದು ನೋಡುತ್ತಾರೆ. ನನ್ನಪ್ಪ ಒಂದು ಲಡಿ ನೂಲನ್ನೂ ಹೊಸ್ತಿಲು ದಾಟಿಸದೆ ಬಣ್ಣದವನಿಂದ ತೆಗೆದುಕೊಳ್ಳುತ್ತಿರಲಿಲ್ಲ. ನಾನು ಮಾತ್ರ ಆ ಸಂಜೆ ತನ್ನೊಳಗೇ ದೀಪ ಇಟ್ಟುಕೊಂಡ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಆರಿಸಿದ್ದೆ. ಇದನ್ನು ಬಾಗಿಲಿಗೆ ಒಯ್ದರೂ ದೀಪ ಜೊತೆಗೇ ಬರುತ್ತದೆ.

"ಖಾಸಿಂಸಾಬ, ಆ ಹಳೇ ಕಡ್ಡಿ ಹಚ್ಚಾಕ ಬರತೈತೇನು?"

"ಹಚ್ಚಬಹುದ್ರಿ. ಎಷ್ಟೊತ್ತು ಉರಿತೈತೋ ಗೊತ್ತಿಲ್ಲ."

ಅವನು ಮೇಜಿನ ಮೂಲೆಯಲ್ಲಿದ್ದ, ಕರೆಂಟು ಕೊಡುವ ಪುಟ್ಟ ಹಲಗೆಯೊಂದಕ್ಕೆ ಹಳೆಯ ಕಡ್ಡಿಯ ತಂತಿ ಸಿಕ್ಕಿಸಿ, ಝಟಕಾ ಹೊಡೆಯುತ್ತದೆ, ಕೈ ದೂರ ಇಡ್ರಿ ಎಂದ. ನಾನು ಶಟರ್ ಎಳೆಯಲು ಹೇಳಿದೆ. ಕತ್ತಲಾಯಿತು. ಕಡ್ಡಿ ಎರಡು ಸಲ ಮಿಣುಗಿ ಹೊತ್ತಿಕೊಂಡಿತು. ಬೆಳಕು ಗುಲಾಬಿ ಬಣ್ಣಕ್ಕಿತ್ತು, ತುದಿಗಳಲ್ಲಿ ಇನ್ನೂ ಕೆಂಪು.

"ಸೀರಿ ಕೊಡ್ರಿ," ಎಂದು ನಾನು ಮುತ್ತವ್ವನ ಕಡೆ ಕೈ ಚಾಚಿದೆ. ಅವರು ಗಂಟು ಬಿಚ್ಚಿ ಸೀರೆಯ ಒಂದು ಮಡಿಕೆಯನ್ನು ತಾವೇ ಹಿಡಿದು ಬೆಳಕಿನ ಹತ್ತಿರ ತಂದರು. ಒಂದು ಬೆರಳಿನ ಅಗಲದಷ್ಟು ನೀಲಿ ಬಟ್ಟೆ ನಮ್ಮೆಲ್ಲರ ಕಣ್ಣೆದುರು ಜಾಂಬಳಿಯಾಯಿತು. ನನ್ನ ಜಾಂಬಳಿ! ಕಣ್ಣು ಮುಚ್ಚಿದರೆ ಕಾಣುತ್ತಿದ್ದ ಅದೇ ಬಣ್ಣ. ಎಲ್ಲರೂ ನೋಡಿದರು. ಅಷ್ಟರಲ್ಲಿ ಕಡ್ಡಿ ಚುರ್ ಎಂದು ಆರಿತು.

ಶಟರ್ ಎತ್ತಿದಾಗ ನಾನು ನಗುತ್ತಿದ್ದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

"ನನ್ನ ತಲಿ ನೆಟ್ಟಗೈತಿ! ಕೇಳಿದ್ಯೇನಲೇ ರಾಜೂ? ನಿಮ್ಮಪ್ಪಗ ಈಗಿಂದೀಗ ಫೋನ್ ಮಾಡು. ಮರವು ಅಂತ, ಮರವು!"

ರಾಜಕುಮಾರನೂ ನಕ್ಕ. ಖಾಸಿಂಸಾಬ ಫ್ಯಾನು ಹಾಕಿ ಚಹಾ ಹೇಳಿದ. ಶಿವಸಂಗಪ್ಪ ಟವೆಲಿನಿಂದ ಮುಖ ಒರೆಸಿಕೊಂಡು, "ಹಂಗಾರ ಯಾರದೂ ತಪ್ಪಿಲ್ಲ ಬಿಡ್ರಿ," ಎಂದರು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ನಾನು ಬೆಂಚಿನ ನಡುವೆ ಬಿಟ್ಟಿದ್ದ ಜಾಗಕ್ಕೆ ಸರಿದು ಮುತ್ತವ್ವನ ಪಕ್ಕ ಕುಳಿತೆ. ಅವರು ಸೀರೆಯನ್ನು ಮತ್ತೆ ಮಡಚುತ್ತಿದ್ದರು. ಎಂಥ ನೇಯ್ಗೆ ಅದು! ಸಿಟ್ಟಿನಲ್ಲಿ ಅಂದು ನೋಡಿಯೇ ಇರಲಿಲ್ಲ. ಅಂಚಿನಲ್ಲಿ ಒಂದು ಎಳೆ ಹೆಚ್ಚುಕಡಿಮೆಯಿಲ್ಲ. ಅದನ್ನು ನೋಡುತ್ತ ನೋಡುತ್ತ, ಆ ವಾರವೆಲ್ಲ ಬರಬೇಕಾಗಿದ್ದ ಪ್ರಶ್ನೆ ಆಗ ತಲೆಗೆ ಬಂತು. ನಾನು ನೋಡಿದ್ದು ಜಾಂಬಳಿ, ಸರಿ. ಇವರು ನೋಡಿದ್ದು ನೀಲಿಯನ್ನೇ ಅಲ್ಲವೇ?

"ಅಲ್ರಿ," ಎಂದೆ. "ನಿಶ್ಚಯಕ್ಕ ಈ ನೀಲಿ ಬೇಕಂತ ನಾವು ಅಂದಾಗ ನಿಮಗೇನೂ ಅನ್ನಸಲಿಲ್ಲೇನು? ನೀವೂ ನಮ್ಮಂಗ ನೇಕಾರ ಮಂದಿ."

ಶಿವಸಂಗಪ್ಪ ಚಹಾದ ಕಪ್ಪನ್ನು ನೋಡುತ್ತ ಹೇಳಿದರು. "ಅನ್ನಿಸ್ತ್ರಿ."

"ಮತ್ತ?"

"ಗಂಡಿನ ಕಡೆಯವರು ಹೇಳಿದ ಮ್ಯಾಲ ಹ್ಯಾಂಗ ಕೇಳೂದ್ರಿ, ಅಕ್ಕಾರ? ಏನರ ಮನಸಿನ್ಯಾಗ ಇಟಗೊಂಡ ಹೇಳಿರಬೇಕು ಅಂದುಕೊಂಡ್ವಿ."

"ನಾ ಅಷ್ಟು ಅಂದಾಗರ ಹೇಳಬೇಕಿಲ್ಲೇನು?"

ಅಷ್ಟು ಹೊತ್ತು ತುಟಿ ಬಿಚ್ಚದ ಮುತ್ತವ್ವ, ಮಡಿಕೆಯ ಮೇಲೆ ಅಂಗೈ ಆಡಿಸುತ್ತ ಮಾತಾಡಿದರು.

"ಇವರು ಮಗ್ಗಕ್ಕ ಕೈ ಹಚ್ಚಲಿಲ್ರಿ. ಆಗಂಗಿಲ್ಲ ನನಗ ಅಂತ ಹೊರಗ ಹೋಗಿ ಕುಂತರು. ನಾನ ನೇಯ್ದೆ. ಶ್ರುತಿ ಕಂಡಿಕಿ ಸುತ್ತಿ ಕೊಟ್ಲು."

ಕಂಡಿಕೆ ಎಂದರೆ ಲಾಳಿಯೊಳಗೆ ಕೂಡುವ ನೂಲಿನ ಸುತ್ತು. ನನ್ನ ಸೊಸೆಯಾಗುವ ಹುಡುಗಿ ತನ್ನ ನಿಶ್ಚಯದ ಸೀರೆಗೆ ತಾನೇ ಕುಳಿತು ಆ ನೀಲಿ ನೂಲು ಸುತ್ತಿದ್ದಳು.

"ಆಕಿ ಏನಂದ್ಲು?" ಎಂದೆ.

"ಏನಂತಾಳ್ರಿ. ಅತ್ತಿಯಾರಿಗೆ ನಾ ಮನಸಿಗೆ ಬಂದಿಲ್ಲೇನವ್ವ, ಅಂತ ಒಂದ ಸಲ ಕೇಳಿದ್ಲು. ಹಂಗನ್ನಬಾರದು ಅಂದೆ. ಮತ್ತ ಕೇಳಲಿಲ್ಲ."

ರಾಜಕುಮಾರ ಬಾಗಿಲಿಗೆ ಹೋಗಿ ಬೀದಿಯ ಕಡೆ ಮುಖ ಮಾಡಿ ನಿಂತ. ಮೇಜಿನ ಮೇಲೆ ಲ್ಯಾಪ್‌ಟಾಪು ಬೆಳ್ಳಗೆ ಉರಿಯುತ್ತಿತ್ತು, ಅದರಲ್ಲಿ ನಾಲ್ಕೂ ಸೀರೆಗಳು ತಮ್ಮ ತಮ್ಮ ಬಣ್ಣದಲ್ಲಿ ನೇತಾಡುತ್ತಿದ್ದವು. ದೀಪ ಸರಿಯಾಗಿತ್ತು, ಕಣ್ಣು ಸರಿಯಾಗಿತ್ತು, ತಲೆ ಸರಿಯಾಗಿತ್ತು. ನನಗೆ ಮಾತ್ರ ಮೊದಲಿಗಿಂತ ಹೆಚ್ಚು ಗಲಿಬಿಲಿಯಾಯಿತು. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳದಷ್ಟು ಅವರು ನನಗೆ ಯಾಕೆ ಹೆದರಬೇಕು? ನಾನು ಆಗ ಅವರ ಮನೆಯಲ್ಲಿ ಅವಲಕ್ಕಿ ತಿಂದು ಬಂದವಳು, ಅಷ್ಟೇ ಅಲ್ಲವೇ?

"ಮುತ್ತವ್ವ," ಎಂದೆ. "ಖರೆ ಹೇಳ್ರಿ. ಪೂರಾ ಕರೀದ ಆರಿಸಿದ್ರ ಏನ್ ಮಾಡ್ತಿದ್ರಿ?"

ಅವರು ಮೊದಲ ಸಲ ತಲೆ ಎತ್ತಿ ನನ್ನನ್ನು ನೇರವಾಗಿ ನೋಡಿದರು.

"ಕರೀದ ನೇಯ್ತಿದ್ವಿರಿ, ಅಕ್ಕಾರ."

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಏನು ಹೇಳಬೇಕೆಂದು ನನಗೆ ಗೊತ್ತಿತ್ತು.